ಹೆಂಡಿಯ ಯೋಗಕ್ಷೇಮ

ಸಂಸಾರದಲ್ಲಿ ಜಗಳಕ್ಕೆ ದೊಡ್ಡ ಕಾರಣವೇನೂ ಬೇಕಾಗುವುದಿಲ್ಲ. ಕೆಲವರ ಮನೆಯಲ್ಲಿ ಸಾರಿನ ಉಪ್ಪಿಗೆ ಜಗಳ, ಕೆಲವರ ಮನೆಯಲ್ಲಿ ಫ್ಯಾನು ಎಷ್ಟರ ಮೇಲೆ ತಿರುಗಬೇಕು ಎಂಬುದಕ್ಕೆ ಜಗಳ. ನಮ್ಮ ಮನೆಯಲ್ಲಿ ಇಪ್ಪತ್ತೆಂಟು ವರ್ಷ ಜಗಳ ನಡೆದದ್ದು ಒಂದು ತಿಪ್ಪೆಯ ಸಲುವಾಗಿ. ನಾಚಿಕೆ ಬಿಟ್ಟು ಹೇಳಿಬಿಡುತ್ತೇನೆ, ನನಗೆ ಆ ತಿಪ್ಪೆಯ ಮೇಲೆ ಹೊಟ್ಟೆಕಿಚ್ಚಿತ್ತು. ಬೇರೆಯವರ ಸವತಿಯಾದರೆ ಸೀರೆ ಉಟ್ಟು, ಕುಂಕುಮ ಇಟ್ಟುಕೊಂಡಿರುತ್ತಾಳೆ. ಬೈದರೆ ತಿರುಗಿ ಬೈಯುತ್ತಾಳೆ. ನನ್ನ ಸವತಿ ಗೋಣಿತಟ್ಟು ಹೊದ್ದುಕೊಂಡು ಹಿತ್ತಲ ಮೂಲೆಯಲ್ಲಿ ಸುಮ್ಮನೆ ಕೂತಿರುತ್ತಿದ್ದಳು. ನಾನು ಏನು ಅಂದರೂ ಅವಳಿಂದ ಒಂದು ಮಾತಿಲ್ಲ. ನಮ್ಮವರು ಸಂಜೆ ಬಂದವರು ಮೊದಲು ಹೋಗುತ್ತಿದ್ದದ್ದೂ ಅವಳ ಹತ್ತಿರವೇ.

ನಮ್ಮವರು ಎಂದರೆ ನನ್ನ ಯಜಮಾನರು. ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ನಯ ಮಾಡುವ ಒಂದು ಕಾರ್ಖಾನೆಯಲ್ಲಿ ಕಲ್ಲು ಅಳೆಯುವ ಕೆಲಸ ಅವರದು. ನಾನು ಮನೆಯಲ್ಲಿ ಕೂತು ಬ್ಲೌಸ್ ಹೊಲಿಯುವವಳು. ಹೀಗಾಗಿ ನಮ್ಮ ಮನೆಯಲ್ಲಿ ಅಳತೆಯ ಟೇಪು ಎರಡು, ಒಂದು ಕಲ್ಲಿಗೆ, ಒಂದು ಹೆಂಗಸರಿಗೆ. "ನಿನ್ನ ಕೆಲಸಾನೇ ಕಠಿಣ. ಅಳತಿ ತಪ್ಪಿದ್ರ ಕಲ್ಲು ಬಯ್ಯಂಗಿಲ್ಲ" ಎಂದು ಅವರು ಚಾಷ್ಟಿ ಮಾಡುತ್ತಿದ್ದರು. ದಿನವಿಡೀ ಕಲ್ಲಿನ ಪುಡಿಯಲ್ಲಿ ನಿಂತು, ಹುಬ್ಬು ಮೀಸೆ ಎಲ್ಲ ಬೆಳ್ಳಗೆ ಮಾಡಿಕೊಂಡು ಮನೆಗೆ ಬರುವುದು. ಕೈಕಾಲು ತೊಳೆಯುವ ಮೊದಲು, ಒಂದು ತಂಬಿಗೆ ನೀರು ಕೇಳುವ ಮೊದಲು ನೇರ ಹಿತ್ತಲಿಗೆ ಹೋಗುವುದು. ಗೋಣಿತಟ್ಟು ಸರಿಸಿ, ಅಂಗಿಯ ತೋಳು ಏರಿಸಿ, ಮೊಣಕೈತನಕ ಕೈಯನ್ನು ತಿಪ್ಪೆಯೊಳಗೆ ತೂರಿಸಿ ಕಣ್ಣು ಮುಚ್ಚಿ ನಿಲ್ಲುವುದು. ಆಮೇಲೆ ಒಂದು ಕೂಗು: "ಏ, ಇಲ್ಲಿ ಬಾ! ಹ್ಯಾಂಗ ಕಾದದ ನೋಡು!" ಈ ಮನೆಗೆ ಬಂದ ಮೇಲೆ ನನಗೆ ಎಷ್ಟು ಸಲ ಜ್ವರ ಬಂದಿಲ್ಲ! ಒಂದು ಸಲವಾದರೂ ಹಣೆ ಮುಟ್ಟಿ ನೋಡಿದ ಗಂಡಸಲ್ಲ. "ಗುಳಿಗಿ ತೊಗೊಂಡಿ?" ಎಂದು ಬಾಗಿಲಲ್ಲೇ ನಿಂತು ಕೇಳಿದರೆ ಮುಗಿಯಿತು. ತಿಪ್ಪೆಗೆ ಮಾತ್ರ ದಿನಾ ಕೈಯಿಟ್ಟು ಕಾವು ನೋಡುವುದು. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ, ನೀವೇ ಹೇಳಿ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಕಡೆ ಸೆಗಣಿಗೆ ಹೆಂಡಿ ಎನ್ನುತ್ತಾರೆ. ಹೆಂಡತಿಗೆ ಹೆಂಡ್ತಿ ಎನ್ನುತ್ತಾರೆ. ಎರಡರ ನಡುವೆ ಇರುವುದು ಒಂದು ತಕಾರ. ಅವಸರದಲ್ಲಿ ಆಡಿದರೆ ಅದೂ ಬಿದ್ದುಹೋಗುತ್ತದೆ. ಮನೆಗೆ ಮೊಬೈಲು ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ಅವರು ಕಾರ್ಖಾನೆಯಿಂದ ಫೋನು ಮಾಡಿ, "ಹೆಂಡಿ ಹ್ಯಾಂಗದ?" ಎಂದರು. ಕಲ್ಲು ಕೊಯ್ಯುವ ಮಷೀನಿನ ಗದ್ದಲದಲ್ಲಿ ನನಗೆ ಕೇಳಿಸಿದ್ದೇ ಬೇರೆ. ಎಂದೂ ಕೇಳದವರು ಇವತ್ತು ಕೇಳಿದರಲ್ಲ ಎಂದು ಮುಖವೆಲ್ಲ ಬಿಸಿಯಾಯಿತು. ಅಳತೆ ಕೊಡಲು ಬಂದಿದ್ದ ಹೆಂಗಸಿಗೆ ಬೆನ್ನು ತಿರುಗಿಸಿ ನಿಂತು, ಮೆಲ್ಲಗೆ, "ಅರಾಮ ಇದ್ದೀನ್ರಿ" ಎಂದೆ. ಆ ಕಡೆಯಿಂದ ಮಷೀನಿಗಿಂತ ಜೋರಾಗಿ ನಗು ಕೇಳಿಸಿತು. "ನಿನಗಲ್ಲ, ಹಿತ್ತಲದಾಕಿಗಿ ಕೇಳಿದೆ! ಮಳಿ ಬರಂಗದ, ಓಡಿ ಹೋಗಿ ತಟ್ಟು ಹೊಚ್ಚು!" ಅಂದಿನಿಂದ ಅವರಿಗೆ ಅದೇ ಆಟವಾಯಿತು. ದಿನಾ ಫೋನು ಮಾಡಿ ಹೆಂಡಿಯ ಯೋಗಕ್ಷೇಮ ಕೇಳುವರು, ನಾನು ದಿನಾ ಫೋನು ಕುಕ್ಕುವೆ. ಈಗ ಮಧ್ಯಾಹ್ನ ಫೋನು ಬಂದರೆ ಬ್ಲೌಸಿನ ಕೊಕ್ಕೆ ಹಚ್ಚಿ ಆಯ್ತೇನು ಎಂದು ಕೇಳುವವರೇ ಎಲ್ಲರೂ.

ಈ ನನ್ನ ಸವತಿಗೆ ಊಟ ಕಳಿಸುತ್ತಿದ್ದವರು ಹಿಂದಿನ ಮನೆಯ ಖಾಸಿಂ ಭಾಯಿ. ನಾಲ್ಕು ಎಮ್ಮೆ ಕಟ್ಟಿ ಹಾಲು ಹಾಕುವವರು, ನಮ್ಮವರ ಜೀವದ ಗೆಳೆಯರು. ನಮ್ಮೂರಲ್ಲಿ ಹಿತ್ತಲಿಗೆ ಗೋಡೆ ಕಟ್ಟುವ ಉಸಾಬರಿ ಇಲ್ಲ, ಫರಸಿ ಕಲ್ಲುಗಳನ್ನೇ ಸಾಲಾಗಿ ನಿಲ್ಲಿಸಿಬಿಡುತ್ತೇವೆ. ಹಾಗೆ ನಿಲ್ಲಿಸಿದ ಒಂದು ಕಲ್ಲು ಮುರಿದು ನಮ್ಮ ಎರಡೂ ಹಿತ್ತಲ ನಡುವೆ ಒಂದು ಗಂಡಿ ಬಿದ್ದಿತ್ತು. ಪ್ರತಿ ಶುಕ್ರವಾರ ಆ ಗಂಡಿಯಿಂದ ಒಂದು ಬುಟ್ಟಿ ಹಸಿ ಹೆಂಡಿ ಈ ಕಡೆ ಬರುತ್ತಿತ್ತು. ಖಾಸಿಂ ಭಾಯಿಯ ಮನೆಮಾತು ಉರ್ದು, ಆದರೆ ಕನ್ನಡ ಕಲಿತದ್ದು ತೆಲುಗಿನ ದಾರಿಯಿಂದ. ತೆಲುಗಿನಲ್ಲಿ ಹೆಂಗಸು ಬಂದರೂ ಎಮ್ಮೆ ಬಂದರೂ ಆಡುವ ಮಾತು ಒಂದೇ, ವಚ್ಚಿಂದಿ. ಖಾಸಿಂ ಭಾಯಿ ದೊಡ್ಡ ಮನಸ್ಸಿನವರು, ಗಂಡಸರನ್ನೂ ಅದರಲ್ಲೇ ಸೇರಿಸಿಕೊಂಡಿದ್ದರು. "ಭಾಯಿಸಾಬ್ ಬಂತೇನು?" "ಭಾಭೀ ಸಂತಿಗಿ ಹೋಗ್ಯದೇನು?" "ನಮ್ಮ ಬೇಗಂ ರೊಟ್ಟಿ ಮಾಡಾಕತ್ತದ." ಅವರ ಬಾಯಲ್ಲಿ ನಾವೆಲ್ಲರೂ ಎಮ್ಮೆಗಳ ಜೊತೆಗೆ ಒಂದೇ ಸಾಲಿನಲ್ಲಿ ನಿಂತಿದ್ದೆವು. ಹೆಂಡಿ ಎಂಬ ಮಾತನ್ನು ಅವರಿಗೆ ಕಲಿಸಿದ್ದು ನಮ್ಮವರೇ. ಹೆಂಡ್ತಿ ಎಂಬ ಮಾತು ಅವರಿಗೆ ಬೇಕಾಗಿರಲಿಲ್ಲ, ಅವರ ಮನೆಯಲ್ಲಿ ಬೇಗಂ ಇದ್ದರು.

ನಾಲ್ಕು ವರ್ಷದ ಹಿಂದೆ ನಮ್ಮವರಿಗೆ ಎದೆಯ ಬೇನೆ ಬಂತು. ಹೈದರಾಬಾದಿನ ಆಸ್ಪತ್ರೆಯಲ್ಲಿ ಎಂಟು ದಿನ ಅವರ ಪಕ್ಕದಲ್ಲೇ ಇದ್ದೆ. ಒಂಬತ್ತನೆಯ ದಿನ ನಾರಾಯಣಖೇಡದಿಂದ ಮಗಳು ಸುನಂದಾ ಬಂದಳು. "ಒಂದಿನ ಮನಿಗಿ ಹೋಗಿ ಬಾ ಅವ್ವಾ, ಬಟ್ಟಿ ತೊಗೊಂಡು ಬಾ" ಎಂದಳು. ನನಗೂ ಒಬ್ಬ ಮದುಮಗಳ ಬ್ಲೌಸುಗಳು ಕೊಡದೆ ಮನೆಯೊಳಗೇ ಉಳಿದಿದ್ದ ಚಿಂತೆ ಇತ್ತು. ರೈಲು ಹತ್ತಿ ತಾಂಡೂರಿಗೆ ಬಂದೆ. ಬಂದ ಮೇಲೆ ನೋಡಿದರೆ ಫೋನಿನ ಚಾರ್ಜರು ಆಸ್ಪತ್ರೆಯಲ್ಲೇ ಉಳಿದಿದೆ, ಫೋನು ಸತ್ತುಹೋಗಿದೆ. ಸಂಜೆ ಖಾಸಿಂ ಭಾಯಿ ಗಂಡಿಯಲ್ಲಿ ತಲೆ ಹಾಕಿ, "ಭಾಭೀ, ಭಾಯಿಸಾಬ್ ಫೋನ್ ಮಾಡಿತ್ತು. ಹೆಂಡಿ ಖಯಾಲ್ ಇಡು ಅಂತು" ಎಂದರು. ನನಗೆ ನೆತ್ತಿಗೇರಿತು. ಎಂಟು ದಿನ ಕೂತಲ್ಲೇ ಕೂತು ಸೊಂಟ ಹಿಡಿದ ಹೆಂಗಸು ಊರು ಮುಟ್ಟಿದಳೋ ಇಲ್ಲವೋ, ಉಂಡಳೋ ಇಲ್ಲವೋ, ಅದು ಬೇಡ. ಅಲ್ಲಿ ಮಲಗಿಯೂ ತಿಪ್ಪೆಯ ಚಿಂತೆ! ನಾಳೆ ಹೋಗಿ ಸರಿಯಾಗಿ ವಿಚಾರಿಸಿಕೊಳ್ಳುತ್ತೇನೆ ಎಂದು ಬೈಯುವ ಮಾತುಗಳನ್ನೆಲ್ಲ ಜೋಡಿಸಿಟ್ಟುಕೊಂಡೆ. ಮರುದಿನ ಬೆಳಗಿನ ರೈಲಿಗೆ ಹೋಗಿ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಬೈಗುಳಗಳೆಲ್ಲ ಹಾಗೇ ಉಳಿದವು.

ಅತ್ತೆ, ತುಂಬ ಅತ್ತೆ. ಬಂದವರೆಲ್ಲ ನನ್ನನ್ನು ಹಿಡಿದುಕೊಂಡು ಸಮಾಧಾನ ಹೇಳಿದರು. ಆ ಅಳುವಿನಲ್ಲಿ ಅರ್ಧ ಸಿಟ್ಟಿತ್ತು ಎಂಬುದು ಯಾರಿಗೂ ತಿಳಿಯಲಿಲ್ಲ. ಇಪ್ಪತ್ತೆಂಟು ವರ್ಷ ಜೊತೆಗಿದ್ದು, ಹೋಗುವಾಗ ನೆನಪಿಸಿಕೊಂಡದ್ದು ನನ್ನನ್ನಲ್ಲ, ಹೆಂಡಿಯನ್ನು. ಇದನ್ನು ಯಾರ ಮುಂದೆ ಹೇಳುವುದು? ಹೇಳಿದರೆ ನಕ್ಕುಬಿಡುತ್ತಾರೆ. ಅಂದಿನಿಂದ ತಿಪ್ಪೆಗೆ ಒಂದು ಉಳ್ಳಾಗಡ್ಡಿ ಸಿಪ್ಪೆ ಕೂಡ ಹಾಕಲಿಲ್ಲ. ಆದರೆ ಶುಕ್ರವಾರ ಬಂದರೆ ಸಾಕು, ಖಾಸಿಂ ಭಾಯಿ ಗಂಡಿಯಿಂದ ಬುಟ್ಟಿ ಚೆಲ್ಲುವರು. ನಾನು ಬೇಡವೆಂದರೆ, "ಭಾಯಿಸಾಬ್ ಹೇಳಿ ಹೋಗ್ಯದ, ಭಾಭೀ" ಎನ್ನುವರು. ಆರು ತಿಂಗಳು ತಡೆದುಕೊಂಡೆ. ಒಂದು ದಿನ, "ಹೇಳಿದವರಿಗೇ ಹೋಗಿ ಕೊಡ್ರಿ" ಎಂದು ಅಂದುಬಿಟ್ಟೆ. ಎಂಥ ಮಾತದು! ಅಷ್ಟಕ್ಕೇ ಬಿಡದೆ, ಒಂದು ದೊಡ್ಡ ಫರಸಿ ಕಲ್ಲು ತರಿಸಿ ಗಂಡಿಗೆ ಅಡ್ಡ ನಿಲ್ಲಿಸಿದೆ. ಅಳತೆ ನಾನೇ ತೆಗೆದದ್ದು, ಒಂದು ಬೆರಳು ಸಂದಿ ಬಿಡಲಿಲ್ಲ. ಖಾಸಿಂ ಭಾಯಿ ಆ ಕಡೆ ನಿಂತು ನೋಡಿದರು. ಆಮೇಲೆ ದಾರಿಯಲ್ಲಿ ಸಿಕ್ಕರೆ ಸಲಾಂ ಅಷ್ಟೇ.

ಈ ಬೇಸಿಗೆಯಲ್ಲಿ ಸುನಂದಾ ಬಂದಾಗ ಹಿತ್ತಲಿಗೆ ಹೋದವಳು ಅಲ್ಲಿಂದಲೇ ಕರೆದಳು. "ಅವ್ವಾ, ಅಪ್ಪನ ನಿಂಬಿ ಗಿಡ ಹೋಗ್ತದ ನೋಡು." ಅವಳ ಮದುವೆಯ ವರ್ಷ ಅವರು ಹಚ್ಚಿದ ಗಿಡ ಅದು. ನಮ್ಮೂರ ನೆಲ ನಿಮಗೆ ಗೊತ್ತಿಲ್ಲ, ಎರಡು ಮೊಳ ಅಗೆದರೆ ಕಲ್ಲು ಹತ್ತುತ್ತದೆ. ಇಂಥ ನೆಲದಲ್ಲಿ ನಿಂಬೆ ಹಚ್ಚಬೇಡಿರಿ ಎಂದು ನಾನು ಆಗಲೇ ಬಡಕೊಂಡಿದ್ದೆ. ಅವರು ತಿಪ್ಪೆಯ ಗೊಬ್ಬರ ಹಾಕಿ ಹಾಕಿ ಅದನ್ನು ಬದುಕಿಸಿದ್ದರು. ಈಗ ಎಲೆಯೆಲ್ಲ ಹಳದಿಯಾಗಿ, ನರ ಮಾತ್ರ ಹಸಿರು ಉಳಿದಿತ್ತು. ಅಂಗಡಿಯಿಂದ ಒಂದು ಚೀಲ ಗೊಬ್ಬರ ತಂದು ಹಾಕಿದೆ. ಅದರಲ್ಲಿ ಗೊಬ್ಬರಕ್ಕಿಂತ ಮಣ್ಣೇ ಹೆಚ್ಚಿತ್ತೋ ಏನೋ, ಇದ್ದ ಎಲೆಗಳೂ ಉದುರತೊಡಗಿದವು. ಅವರ ಅಂಗಿಗಳನ್ನು ಕೊಟ್ಟುಬಿಟ್ಟಿದ್ದೇನೆ, ಸೈಕಲ್ಲು ತುಕ್ಕು ಹಿಡಿದಿದೆ. ಅವರ ಕೈ ಮುಟ್ಟಿದ್ದರಲ್ಲಿ ಜೀವ ಇದ್ದದ್ದು ಅದೊಂದೇ. ಅದೂ ಹೋದರೆ ನಾನು ಹಿತ್ತಲಿಗೆ ಹೋಗಿ ಯಾರ ಮುಖ ನೋಡಬೇಕು? ಸಿಟ್ಟು ನನ್ನದು, ಶಿಕ್ಷೆ ಗಿಡಕ್ಕಾಯಿತು ಎಂದು ಅನ್ನಿಸಿತು. ಕಚ್ಚೆ ಕಟ್ಟಿ ಸಲಿಕೆ ಹಿಡಿದು ಸವತಿಯ ಮುಂದೆ ಹೋಗಿ ನಿಂತೆ.

ಇಷ್ಟು ವರ್ಷದ ಬಿಸಿಲಿಗೆ ತಿಪ್ಪೆ ಮೇಲೆಲ್ಲ ಹಪ್ಪಳಗಟ್ಟಿತ್ತು. ಮೊದಲ ಏಟಿಗೆ ಸಲಿಕೆ ಟಣ್ ಎಂದಿತು, ಎರಡನೆಯದಕ್ಕೆ ನನ್ನ ಸೊಂಟ ಕಟಕ್ ಎಂದಿತು. ಒಡೆದು ಕೆದಕಿದರೆ ಒಳಗೆ ಒಣಗಿ ಬೂದಿಯಂಥ ಪುಡಿ, ಒಂದು ಎರೆಹುಳ ಇಲ್ಲ. ಅಗೆಯುತ್ತ ಹೋದಂತೆ ನನ್ನದೇ ಸಂಸಾರ ಹೊರಗೆ ಬರತೊಡಗಿತು. ಕೊಕ್ಕೆಗಳು, ಗುಂಡಿಗಳು, ದಾರದ ಖಾಲಿ ರೀಲುಗಳು, ಯಾವುದೋ ಕಾಲದ ಪಾಲಿಯೆಸ್ಟರ್ ಚಿಂದಿಗಳು ಬಣ್ಣ ಕೂಡ ಬಿಡದೆ ಹಾಗೇ ಇದ್ದವು. "ನಿನ್ನ ಚಿಂದಿ ಹಾಕಬ್ಯಾಡ, ಅವು ನಾವು ಸತ್ರೂ ಕೊಳಿಯಂಗಿಲ್ಲ" ಎಂದು ಅವರು ಬೈಯುತ್ತಿದ್ದರು. ನಾನು ಬೇಕೆಂತಲೇ ಹಾಕುತ್ತಿದ್ದೆ. ಕೆಳಗೆ ಒಂದು ಕಡೆ ದಾರದ ಒಂದು ಬಲೆ ಕೈಗೆ ಸಿಕ್ಕಿತು. ಬಿಡಿಸಿ ನೋಡಿದರೆ ಅವರ ಒಂದು ಹಳೆಯ ಹತ್ತಿಯ ಅಂಗಿ. ಬಟ್ಟೆ ಪೂರಾ ಕರಗಿ ಮಣ್ಣಾಗಿತ್ತು, ನಾನು ಹಾಕಿದ ಹೊಲಿಗೆ ಮಾತ್ರ ಉಳಿದಿತ್ತು. ಕೊರಳು, ತೋಳು, ಜೇಬು ಎಲ್ಲ ದಾರದಲ್ಲೇ ಗುರುತು ಸಿಗುತ್ತಿತ್ತು. ಅದನ್ನು ತೊಡೆಯ ಮೇಲೆ ಹರವಿ ಒಂದೊಂದು ಹೊಲಿಗೆಯನ್ನೂ ಬೆರಳಿಂದ ಸವರಿದೆ. ಆಮೇಲೆ, ನನ್ನ ಹೊಲಿಗೆ ಎಷ್ಟು ಗಟ್ಟಿ ನೋಡು ಎಂದು ಸ್ವಲ್ಪ ಜಂಬವೂ ಬಂತು, ಸುಳ್ಳು ಯಾಕೆ ಹೇಳಲಿ.

ಚಿಂದಿ ಆರಿಸಿ, ಒಣ ಎಲೆ ಬೆರೆಸಿ, ನೀರು ಚಿಮುಕಿಸಿ ತಿರುವಿ ಹಾಕಿದೆ. ಅವರು ಹೇಳುತ್ತಿದ್ದಂತೆಯೇ, ಮುಷ್ಟಿಯಲ್ಲಿ ಹಿಡಿದು ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ಎಲ್ಲ ಸರಿಯಾಗಿತ್ತು. ದಿನಾ ಕೈಯಿಟ್ಟು ನೋಡಿದೆ, ತಣ್ಣಗೆ. ಹತ್ತು ದಿನವಾದರೂ ತಣ್ಣಗೆ. ಹಸಿ ಹೆಂಡಿ ಬೀಳದೆ ಇದು ಏಳುವುದಿಲ್ಲ ಎಂಬುದು ನನಗೆ ಮೊದಲ ದಿನವೇ ಗೊತ್ತಿತ್ತು. ಆದರೆ ಊರಲ್ಲಿ ಬೇರೆ ಎಮ್ಮೆ ಇಲ್ಲವೇ ಎಂದು ಹತ್ತು ದಿನ ನನ್ನ ಬಿಗುಮಾನವನ್ನೇ ಹೊತ್ತು ತಿರುಗಿದೆ. ಹನ್ನೊಂದನೆಯ ದಿನ, ಅದೂ ಶುಕ್ರವಾರವೇ, ಖಾಲಿ ಬುಟ್ಟಿ ಹಿಡಿದು ಸುತ್ತಿ ಬಳಸಿ ಖಾಸಿಂ ಭಾಯಿಯ ಮುಂಬಾಗಿಲಿಗೆ ಹೋದೆ. ಗಂಡಿ ಇದ್ದಿದ್ದರೆ ಹತ್ತು ಹೆಜ್ಜೆಯ ದಾರಿ.

ಅವರು ಎಮ್ಮೆ ಮೈ ತೊಳೆಯುತ್ತಿದ್ದರು. ಬುಟ್ಟಿ ನೋಡಿದರು, ನನ್ನ ಮುಖ ನೋಡಿದರು. "ಬರ್ರಿ ಭಾಭೀ" ಎಂದರು, ನಡುವೆ ಏನೂ ಆಗಿಲ್ಲವೆಂಬಂತೆ.

"ಹೆಂಡಿ ಬೇಕಾಗಿತ್ರಿ, ಖಾಸಿಂ ಭಾಯಿ. ತಿಪ್ಪಿ ಮತ್ತ ಎಬ್ಬಸಾಕತ್ತೀನಿ" ಎಂದೆ.

ಅವರ ಮುಖ ಅರಳಿತು. "ಎಷ್ಟ ಬೇಕು ಅಷ್ಟ ಒಯ್ರಿ! ಭಾಯಿಸಾಬ್ ಖುಷಿ ಆಗ್ತದ. ಅಕಡಿಂದ ಫೋನ್ ಮಾಡಿ ಎಷ್ಟ ಫಿಕರ್ ಮಾಡಿತ್ತು ಪಾಪ."

ಹಳೆಯ ಸಿಟ್ಟು ಮತ್ತೆ ತಲೆ ಎತ್ತಿತು. "ಹೂಂ, ಹೆಂಡಿ ಫಿಕರೇ ಅಲ್ಲೇನ್ರಿ ಅವರಿಗಿ" ಎಂದೆ.

"ಹಾಂ ಭಾಭೀ. ಒಂದೊಂದು ಮಾತು ನನಗ ಯಾದ್ ಅದ. ಭಾಯಿಸಾಬ್ ಹಿಂಗ ಅಂತು." ಖಾಸಿಂ ಭಾಯಿ ನೆಟ್ಟಗೆ ನಿಂತು, ಗಂಟಲು ಸರಿಮಾಡಿಕೊಂಡು, ಪಾಠ ಒಪ್ಪಿಸುವವರಂತೆ ಹೇಳಿದರು: "'ಖಾಸಿಂ, ಮನ್ಯಾಗ ಹೆಂಡಿ ಒಬ್ಬಾಕೇ ಅದಾಳ. ಮ್ಯಾಲ ಬಿರುಸು ಅದಾಳ ಖರೇ, ಒಳಗ ಭಾಳ ಮೆತ್ತಗ ಅದಾಳ. ಖಯಾಲ್ ಇಡು.' ಅಷ್ಟೇ. ಮ್ಯಾಲ ಬಿರುಸು, ಒಳಗ ಮೆತ್ತಗ, ಬರೋಬ್ಬರಿ ಅದ ಅಲ್ಲ ಭಾಭೀ? ಹೆಂಡಿ ಒಣಗಿದ್ರ ಹಂಗೇ ಇರ್ತದ."

ನಾನು ಬುಟ್ಟಿ ಕೆಳಗಿಟ್ಟೆ. "ಇನ್ನೊಮ್ಮೆ ಹೇಳ್ರಿ" ಎಂದೆ. ಅವರು ಇನ್ನೊಮ್ಮೆ ಒಪ್ಪಿಸಿದರು. ಖಾಸಿಂ ಭಾಯಿ ತಮ್ಮ ಜನ್ಮದಲ್ಲಿ ಯಾರಿಗೂ 'ಅದಾಳ' ಎಂದವರಲ್ಲ. ಕಟ್ಟಿಕೊಂಡ ಬೇಗಂಗೂ 'ಅದ', ತುಪ್ಪದಂಥ ಹಾಲು ಕೊಡುವ ಎಮ್ಮೆಗೂ 'ಅದ'. ಆ 'ಅದಾಳ' ಅವರದಲ್ಲ. ಅದು ನಮ್ಮವರ ಮಾತು, ನಮ್ಮವರ ಬಾಯಿಂದ ಬಿದ್ದದ್ದನ್ನು ಖಾಸಿಂ ಭಾಯಿ ಹಾಗೇ ಎತ್ತಿ ಇಟ್ಟುಕೊಂಡಿದ್ದರು. ತಕಾರ ಒಂದು ಮಾತ್ರ ಹೈದರಾಬಾದಿಗೂ ತಾಂಡೂರಿಗೂ ನಡುವೆ ಎಲ್ಲೋ ಉದುರಿಹೋಗಿತ್ತು.

ಅಲ್ಲೇ ಎಮ್ಮೆಯ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟೆ. ಅಳು ಬಂತು, ಅದರ ಬೆನ್ನಿಗೇ ನಗು ಬಂತು. ಖಾಸಿಂ ಭಾಯಿ ಗಾಬರಿಯಾಗಿ, "ಕ್ಯಾ ಹುವಾ ಭಾಭೀ? ಬೇಗಂ, ನೀರು ತಾ!" ಎಂದು ಕೂಗಿದರು. "ಹೆಂಡಿ ಅಲ್ರಿ ಭಾಯಿ, ಹೆಂಡ್ತಿ. ಹೆಂಡ್ತಿ ಅಂದ್ರ ಬೀವಿ. ನನಗ ಅಂದಾರ್ರಿ ಅವರು, ನನಗ" ಎಂದೆ. ಅವರು ಹಣೆ ಹಣೆ ಬಡಿದುಕೊಂಡರು. "ಯಾ ಅಲ್ಲಾ! ಒಬ್ಬಾಕೇ ಅದಾಳ ಅಂತು, ಹೆಂಡಿ ಒಬ್ಬಾಕಿ ಹ್ಯಾಂಗ ಆಗ್ತದ ಅಂತ ಡೌಟ್ ಬಂದಿತ್ತು ನನಗ. ಭಾಯಿಸಾಬ್ ಅದರ ಮ್ಯಾಲ ಭಾಳ ಜೀವ ಅದ, ಅದಕ್ಕ ಹಂಗ ಅಂತದ ಅಂದ್ಕೊಂಡೆ. ಭಾಭೀ ಖಯಾಲ್ ಇಡು ಅಂದ್ರ ನಾನು ಗೋಬರ್ ಖಯಾಲ್ ಇಟ್ಟೆ!" ನೀರು ತಂದ ಬೇಗಂ ನಮ್ಮಿಬ್ಬರನ್ನೂ ನೋಡಿ ಏನೂ ತಿಳಿಯದೆ ಚೊಂಬು ಎಮ್ಮೆಯ ಮುಂದೆ ಹಿಡಿದರು.

ಮನೆಗೆ ಬಂದ ಮೇಲೆ ಒಂದು ಸಂಶಯ ಬಾರದೆ ಇರಲಿಲ್ಲ. ತಿಪ್ಪೆಗೂ ಅವರು 'ಹಿತ್ತಲದಾಕಿ' ಎನ್ನುತ್ತಿದ್ದರಲ್ಲ, 'ಅದಾಳ' ಅಂದದ್ದು ಅವಳಿಗೇ ಇದ್ದರೆ? ಹಾಳಾದ ಸಂಶಯ, ಒಂದು ಹೊತ್ತು ಊಟ ಸೇರಗೊಡಲಿಲ್ಲ. ಆಮೇಲೆ ಹೊಳೆಯಿತು. 'ಮನ್ಯಾಗ' ಎಂದಿದ್ದಾರೆ. ತಿಪ್ಪೆ ಇರುವುದು ಹಿತ್ತಲಲ್ಲಿ. ಕಲ್ಲು ಅಳೆಯುವ ಮನುಷ್ಯ, ಜಾಗದ ಲೆಕ್ಕದಲ್ಲಿ ತಪ್ಪುವವರಲ್ಲ. ಮನೆಯೊಳಗೆ ಇದ್ದವಳು ನಾನೇ. ಒಬ್ಬಾಕೇ ಇದ್ದವಳೂ ನಾನೇ.

ಅಡ್ಡ ನಿಲ್ಲಿಸಿದ ಕಲ್ಲನ್ನು ಮರುದಿನವೇ ಖಾಸಿಂ ಭಾಯಿ ಆ ಕಡೆಯಿಂದ, ನಾನು ಈ ಕಡೆಯಿಂದ ಅಲುಗಾಡಿಸಿ ತೆಗೆದೆವು. ಎರಡು ಬುಟ್ಟಿ ಹೆಂಡಿ ಬಂತು. ನೀರಲ್ಲಿ ಕದಡಿ, ಪದರ ಪದರವಾಗಿ ಹಾಕಿ, ಸಲಾಕೆಯಿಂದ ಅಲ್ಲಲ್ಲಿ ತೂತು ಹೊಡೆದು ಗಾಳಿ ಬಿಟ್ಟು, ತಟ್ಟು ಹೊಚ್ಚಿದೆ. ನಾಲ್ಕನೆಯ ದಿನ ಬೆಳಗ್ಗೆ ತಟ್ಟು ಸರಿಸಿ ಮೊಣಕೈತನಕ ಕೈ ತೂರಿಸಿದೆ. ಬಿಸಿ! ಮೊದಲ ಸಲಕ್ಕೆ ಕೈ ಹಿಂದೆ ತೆಗೆಯಬೇಕು ಅನ್ನಿಸುವಂಥ ಬಿಸಿ. "ಏ, ಇಲ್ಲಿ ಬರ್ರಿ, ಹ್ಯಾಂಗ ಕಾದದ ನೋಡ್ರಿ!" ಎಂದು ಬಾಯಿಂದ ಬಂದೇಬಿಟ್ಟಿತು. ಕರೆದ ಮೇಲೆ ನೆನಪಾಯಿತು, ಬರುವವರಿಲ್ಲ. ಅವರು ಕರೆದಾಗಲೆಲ್ಲ, "ನನಗ ಕೆಲಸ ಅದ, ನೀವೇ ನೋಡ್ಕೋರಿ" ಎಂದು ಮಷೀನು ತುಳಿಯುತ್ತ ಕೂತಿರುತ್ತಿದ್ದೆ. ಒಂದು ಸಲ, ಒಂದೇ ಒಂದು ಸಲ ಎದ್ದು ಹೋಗಿ ಅವರ ಕೈಯ ಪಕ್ಕದಲ್ಲಿ ನನ್ನ ಕೈ ಇಟ್ಟಿದ್ದರೆ ಏನು ಹೋಗುತ್ತಿತ್ತು? ಆ ಬಿಸಿಯೊಳಗೆ ಕೈಯಿಟ್ಟುಕೊಂಡೇ ಸ್ವಲ್ಪ ಹೊತ್ತು ನಿಂತೆ. ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ಈಗ ಗೊತ್ತಾಯಿತು.

ಎರಡೂವರೆ ತಿಂಗಳಿಗೆ ಗೊಬ್ಬರ ಕಪ್ಪಗೆ, ಪುಡಿಪುಡಿಯಾಗಿ ಇಳಿಯಿತು. ನಿಂಬೆಯ ಬುಡಕ್ಕೆ ಹಾಕಿದ ಮೇಲೆ ಮೂರು ಕೊನೆಗಳಲ್ಲಿ ಹಸಿರು ಚಿಗುರು ಬಂದಿದೆ. ಇನ್ನೂ ಕಾಯಿಯ ಮಾತು ಆಡುವ ಹಾಗಿಲ್ಲ. ಈ ನಡುವೆ ಸುನಂದಾ ಕರೆದಳೆಂದು ನಾಲ್ಕು ದಿನ ನಾರಾಯಣಖೇಡಕ್ಕೆ ಹೋಗಿದ್ದೆ. ಎರಡನೆಯ ದಿನ ಮಧ್ಯಾಹ್ನ ಮಳೆ ಬರುವ ಹಾಗಾಯಿತು. ಮೊಮ್ಮಗಳು ತೊಡೆಯ ಮೇಲಿದ್ದಾಳೆ, ಮಗಳು ಬಿಸಿ ಬಿಸಿ ಭಜಿ ತಂದಿಟ್ಟಿದ್ದಾಳೆ, ನನಗೆ ಮಾತ್ರ ಕೂತಲ್ಲಿ ಕೂಡಲಾಗಲಿಲ್ಲ. ಖಾಸಿಂ ಭಾಯಿಗೆ ಫೋನು ಹಚ್ಚಿದೆ. ನಮಸ್ಕಾರ ಇಲ್ಲ, ಸಲಾಂ ಇಲ್ಲ, ನನ್ನ ಬಾಯಿಂದ ಬಂದ ಮೊದಲ ಮಾತೇ, "ಹೆಂಡಿ ಹ್ಯಾಂಗದ್ರಿ?"

"ಹೆಂಡ್ತಿ ಅರಾಮ ಅದಾಳ, ಭಾಭೀ!" ಎಂದರು ಖಾಸಿಂ ಭಾಯಿ. ನಾನು ಕಲಿಸಿದ ತಕಾರವನ್ನು ಒತ್ತಿ ಒತ್ತಿ ಹೇಳಿದರು, ಜೊತೆಗೆ 'ಅದಾಳ' ಬೇರೆ. "ರೊಟ್ಟಿ ಮಾಡಾಕತ್ಯಾಳ. ತಡೀರಿ, ಕೊಡ್ತೀನಿ." ನಾನು "ಅಯ್ಯ, ಹಂಗಲ್ರಿ" ಎನ್ನುವಷ್ಟರಲ್ಲಿ ಫೋನು ಬೇಗಂ ಕೈಗೆ ಹೋಗಿತ್ತು. ಹಿಟ್ಟಿನ ಕೈಯಲ್ಲೇ ಹಿಡಿದಿದ್ದರೇನೋ, ಬಳೆಯ ಸಪ್ಪಳ ಕೇಳಿಸಿತು. "ಅಷ್ಟು ದೂರದಿಂದ ನನ್ನ ಕೇಳಾಕ ಫೋನ್ ಮಾಡಿದ್ರೇನು ಭಾಭೀ? ನನಗ ಹಿಂಗ ಯಾರೂ ಕೇಳಂಗಿಲ್ರಿ" ಎಂದರು, ಮೆಲ್ಲಗೆ. ಆ ದನಿ ನನಗೆ ಗೊತ್ತು. ಅಳತೆ ಕೊಡಲು ಬಂದ ಹೆಂಗಸಿಗೆ ಬೆನ್ನು ತಿರುಗಿಸಿ ನಿಂತು ಒಂದು ಮಧ್ಯಾಹ್ನ ನಾನೂ ಅದೇ ದನಿಯಲ್ಲಿ ಮಾತಾಡಿದ್ದೆ. ನಿಮಗಲ್ಲ, ಹಿತ್ತಲದಾಕಿಗಿ ಕೇಳಿದೆ ಎನ್ನಲು ನನ್ನ ನಾಲಿಗೆ ಹೊರಳಲಿಲ್ಲ. "ಹೌದ್ರಿ ಬೇಗಂ, ನಿಮಗೇ ಮಾಡೀನಿ" ಎಂದೆ. ಅವರು ಅರ್ಧ ತಾಸು ತಮ್ಮ ಮೊಣಕಾಲು ನೋವಿನ ಕಥೆ ಹೇಳಿದರು, ನಾನು ಹೂಂಗುಟ್ಟಿದೆ. ಫೋನು ಇಟ್ಟ ಮೇಲೆ ನೆನಪಾಯಿತು, ತಟ್ಟು ಹೊಚ್ಚಿರಿ ಎಂದು ಹೇಳುವುದು ಉಳಿದೇಹೋಗಿತ್ತು.